ಜವರ ಹಾವು ಗುರುತು ಹಿಡಿಯೋದು ಕಲಿತದ್ದು

ಹೂಂಗುಟ್ಟೋರಿದ್ರೆ ಹೇಳ್ತೀನಿ, ಕೇಳಿ. ದ್ಯಾವಮ್ಮ ಅಂತ ಒಬ್ಬಳು ಗಟ್ಟಿಗಿತ್ತಿ. ಅವಳಿಗೆ ಒಬ್ಬನೇ ಮಗ, ಜವರ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅದೇ ಅವ್ವನಿಗೆ ತಲೆನೋವು.

ಒಂದಿನ ಜವರ ಗದ್ದೆ ಬದುವಲ್ಲಿ ಹಾವು ಕಂಡ. ದೊಣ್ಣೇಲಿ ಬಡಿದ. ಬಾಲ ಹಿಡಿದು ದರದರ ಎಳ್ಕೊಂಡು ಮನೆಗೆ ತಂದ.

"ಅಯ್ಯೋ ಮುಂಡೇದೇ! ಇದು ಕೇರೆಹಾವು ಕಣ್ಲಾ! ಇದಕ್ಕೆ ವಿಷ ಎಲ್ಲೈತೆ? ಇಲಿ ತಿಂದು ನಮ್ಮ ರಾಗಿ ಕಾಯೋ ಪಾಪದ್ದು! ಹೆಡೆ ಎತ್ತೋದು ನಾಗರ. ಹೆಡೆ ಇಲ್ಲದ್ದು ಕಂಡ್ರೆ ನೆಂಟರ ಹಂಗೆ ನೋಡ್ಕೋ!"

"ಸರಿ ಕಣವ್ವ, ಹಂಗೇ ಮಾಡ್ತೀನಿ."

ವಾರ ಕಳೀತು. ಹುಲ್ಲಿನ ಮೆದೆ ಪಕ್ಕ ದಪ್ಪನೆಯ ಹಾವೊಂದು ಸುರುಳಿ ಸುತ್ಕೊಂಡು ಬಿದ್ದಿತ್ತು. ಜವರ ಬಗ್ಗಿ ನೋಡಿದ. ಹೆಡೆ ಇಲ್ಲ! ಕೋಲಲ್ಲಿ ಎತ್ತಿ ಕುಕ್ಕೆಗೆ ಹಾಕಿ ಮುಚ್ಚಳ ಮುಚ್ಚಿದ, ತಂದು ನಡುಮನೇಲಿ ಇಳಿಸಿದ.

"ಅವ್ವಾ, ನೆಂಟರು ಬಂದವ್ರೆ! ಮುದ್ದೆಗಿಡು!"

ದ್ಯಾವಮ್ಮ ಮುಚ್ಚಳ ತೆಗೆದಳು. ಬುಸ್ಸ್! ಒಂದೇ ನೆಗೆತಕ್ಕೆ ಬೀದೀಲಿದ್ದಳು. ಪಕ್ಕದ ಮನೆ ಆಟೋ ಓಡಿಸೋ ಸಿದ್ದೇಗೌಡ ಬಂದು, ಕುಕ್ಕೆ ಸಮೇತ ಹಳ್ಳದಾಚೆ ಬಿಟ್ಟು ಬಂದ.

"ಅದು ಕೊಳಕುಮಂಡಲ ಕಣ್ಲಾ! ಮೈತುಂಬ ಸರಪಣಿ ಹಂಗೆ ಗೆರೆ ಇದ್ರೆ, ಬುಸ್ ಅಂದ್ರೆ, ಅದು ವಿಷ! ದೂರ ನಿಂತು ಊರಿಗೇ ಕೇಳೋ ಹಂಗೆ ಕೂಗು!" ಅಂತ ದ್ಯಾವಮ್ಮ ಬೈದಳು.

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಮುಂದಿನ ಸೋಮವಾರ ಜವರನ್ನ ನೋಡೋಕೆ ಹೆಣ್ಣಿನ ಕಡೆಯವರು ಬಂದರು. ಹೆಣ್ಣಿನ ತಾಯಿ ದಪ್ಪನೆ ಹೆಂಗಸು, ಉಟ್ಟಿದ್ದು ಸರಪಣಿ ಗೆರೆ ಸೀರೆ. ಬಿಸಿಲಲ್ಲಿ ನಡೆದು ಸುಸ್ತಾಗಿ, "ಉಸ್ಸ್..." ಅಂತ ಚಾಪೆ ಮೇಲೆ ಕೂತಳು.

ಜವರ ಹಾರಿ ಜಗಲಿಗೆ ಓಡಿದ. "ಮಂಡಲ! ಮಂಡಲ! ವಿಷ ಕಣ್ರಪ್ಪೋ! ಯಾರೂ ಹತ್ರ ಹೋಗ್ಬ್ಯಾಡಿ!"

ಬಂದೋರು ಕಾಫಿ ಸಹ ಮುಟ್ಟಲಿಲ್ಲ, ಎದ್ದು ಹೋದರು.

"ಆಗೋ ಮದುವೇನ ಕೆಡಿಸಿದ್ಯಲ್ಲೋ! ಇನ್ಮೇಲೆ ಏನೇ ಕಂಡ್ರೂ ಬಾಯಿ ಮುಚ್ಕೊಂಡು ನಿಂತ್ಕೋ!" ಅಂತ ದ್ಯಾವಮ್ಮ ಅತ್ತಳು.

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ಬೆಳಗ್ಗೆ ಸೌದೆ ರಾಶೀಲಿ ನಾಗರಹಾವು ಹೆಡೆ ಎತ್ತಿತ್ತು. ಜವರ ಕಂಡ. ಬಾಯಿ ಮುಚ್ಕೊಂಡು ನಿಂತ. ದ್ಯಾವಮ್ಮ ಬಂದಳು, ಸೌದೆಗೆ ಕೈ ಹಾಕಿದಳು. ಚಟ್ಟನೆ ಕಚ್ಚಿತು.

"ಕಂಡಿದ್ಯೇನ್ಲಾ?"

ಹೂಂ ಅಂತ ತಲೆ ಆಡಿಸಿದ.

"ಮತ್ತೆ ಹೇಳೋಕೇನಾಗಿತ್ತು?"

ಬೆರಳಲ್ಲಿ ಮುಚ್ಚಿದ ಬಾಯಿ ತೋರಿಸಿದ.

"ಅಯ್ಯೋ ಪಾಪಿ! ಓಡ್ಲಾ ಆಸ್ಪತ್ರೆಗೆ!"

ಓಡಿದ. ಒಬ್ಬನೇ ಓಡಿದ! ಪಂಚೆ ಎತ್ತಿ ಕಟ್ಟಿ, ಎಲ್ಲೂ ನಿಲ್ಲದೆ ಓಡಿ, ಡಾಕ್ಟರ ಮುಂದೆ ಬೆಂಚಿನ ಮೇಲೆ ಕೂತ.

"ನಾಗರಹಾವು ಕಚ್ಚೈತೆ ಸ್ವಾಮಿ!"

"ಎಲ್ಲಿ ಕಚ್ಚಿದ್ದು?"

"ಮನೇಲಿ. ಅವ್ವನಿಗೆ."

ಡಾಕ್ಟರು ತಲೆ ಚಚ್ಕೊಂಡರು. "ಹೋಗಯ್ಯಾ, ಬೇಗ ಕರ್ಕೊಂಡು ಬಾ! ನಡೆಸಬೇಡ. ಆಯಮ್ಮ ಒಂಚೂರೂ ಕದಲಬಾರದು!"

ಜವರ ತಿರುಗಿ ಓಡಿದ. ಅರ್ಧ ದಾರೀಲಿ ಸಿದ್ದೇಗೌಡನ ಆಟೋ ಎದುರಿಗೆ ಬರ್ತಿತ್ತು. ಒಳಗೆ ದ್ಯಾವಮ್ಮ, ಕಣ್ಣು ಮುಚ್ಚಿ ಹೋಗ್ತಿದ್ದವು. ಜವರ ರಸ್ತೆಗೆ ಅಡ್ಡ ಬಿದ್ದ.

"ನಿಲ್ಸು! ಅವ್ವ ಕದಲಬಾರ್ದಂತೆ! ಡಾಕ್ಟ್ರು ಹೇಳವ್ರೆ!"

ಸಿದ್ದೇಗೌಡ ಇಳಿದು, ಅವನನ್ನ ಎತ್ತಿ ಮೂಟೆ ಹಂಗೆ ಒಳಗೆ ಎಸೆದು ಆಟೋ ಬಿಟ್ಟ. ಹೊತ್ತಿಗೆ ಸರಿಯಾಗಿ ಸೂಜಿಮದ್ದು ಬಿತ್ತು, ದ್ಯಾವಮ್ಮ ಬದುಕಿದಳು.

ಮೂರನೇ ದಿನ ಕಣ್ಣು ಬಿಟ್ಟಳು. ಎದುರಿಗೆ ಜವರ. ಹಲ್ಲು ಕಚ್ಚಿ, ಇದ್ದ ಶಕ್ತಿಯೆಲ್ಲ ಕೂಡಿಸಿ, ಕಪಾಳಕ್ಕೆ ಬಾರಿಸೋಕೆ ಕೈ ಎತ್ತಿದಳು.

ಜವರ ಎರಡೂ ಕೈಲಿ ಆ ಕೈಯನ್ನ ಅಮುಕಿ ಹಿಡಿದ.

"ಕದಲಬ್ಯಾಡ ಕಣವ್ವ, ಡಾಕ್ಟ್ರು ಬಯ್ತಾರೆ!"