ಒಣಗದ ಕಟ್ಟು

ಎಲುಬು ಕೂಡಿಸುವ ಹುಚ್ಚಜ್ಜನ ಆಶ್ರಮದಲ್ಲಿ ಅಡಿವೆಪ್ಪ ಅಂತ ಒಬ್ಬ ಶಿಷ್ಯನಿದ್ದ. ಕೈ ಚೊಕ್ಕ, ಬಾಯಿ ಹೊಲಸು.

ಹಿಂದೆ ಗುರುವಿನ ಅಪ್ಪಣೆ ಪಡೆದು ಕಡಲು ದಾಟಿ, ದ್ವೀಪದ ದೇಶದಲ್ಲಿ ಮೂರು ವರ್ಷ ಇದ್ದು, ಅಲ್ಲಿನವರಿಗೆ ಈ ವಿದ್ಯೆ ಕಲಿಸಿ ಬಂದಿದ್ದ. ಒಂಬತ್ತು ವರ್ಷವಾದ ಮೇಲೆ ಮತ್ತೆ ಹೊರಟದ್ದು ಅಲ್ಲಿ ಕಲಿಸುವವರಿಗೇ ಕಲಿಸಲಿಕ್ಕೆ. ಹುಚ್ಚಜ್ಜನೂ ಜೊತೆಗೆ ಬಂದ. ಕೆಲಸ ಅಜ್ಜನ ಮನಸ್ಸಿಗೆ ಬಂದರೆ ಅಲ್ಲಿನ ಗುರುಪೀಠ ಅಡಿವೆಪ್ಪನಿಗೇ ಅಂತ ಮಾತಾಗಿತ್ತು.

ಹಡಗಿನಿಂದ ಇಳಿದವನ ನಡಿಗೆ ನೋಡಬೇಕಿತ್ತು! ದೀಪಾವಳಿಗೆ ಮಾವನ ಮನೆಗೆ ಬಂದ ಹೊಸ ಅಳಿಯನೂ ಹಾಗೆ ಬೀಗಿರಲಿಕ್ಕಿಲ್ಲ.

"ಇಲ್ಲಿನ ದಾರಿಯೆಲ್ಲ ನನಗೆ ಅಂಗೈ ಗೆರೆ ಇದ್ದಂಗೆ, ಅಜ್ಜಾ," ಅಂದ.



ಹೊಳೆದಂಡೆಯ ಆಶ್ರಮದಲ್ಲಿ ಕಲಿಸುವವರು ಹನ್ನೆರಡು ಮಂದಿ. ಎಲ್ಲರೂ ಅಡಿವೆಪ್ಪನ ಕಾಲಿಗೆ ಉದ್ದಕ್ಕೆ ಬಿದ್ದರು. ಅವನಿಗೆ ಸ್ವರ್ಗ ಮೂರೇ ಗೇಣು.

ಅಷ್ಟರಲ್ಲಿ ಒಬ್ಬ ಮೀನುಗಾರ ತನ್ನ ಎಂಟು ವರ್ಷದ ಮಗಳನ್ನು ಕರೆತಂದ. ಐದು ವಾರದ ಹಿಂದೆ ತೋಳು ಮುರಿದಿತ್ತು. ಕೂಡಿತ್ತು, ಆದರೆ ಕುಡುಗೋಲಿನ ಹಾಗೆ ಡೊಂಕಾಗಿ ಕೂಡಿತ್ತು. ಕೈ ಮೇಲಕ್ಕೇಳುತ್ತಿರಲಿಲ್ಲ.

"ಯಾವ ಕತ್ತೆ ಕಟ್ಟಿದ್ದು ಇದನ್ನ?" ಅಡಿವೆಪ್ಪ ಗುಡುಗಿದ.

ಅವರಲ್ಲಿ ಹಿರಿಯ ಸಿರಿಪಾಲ ಮುಂದೆ ಬಂದ. "ನಾನು, ಗುರುಗಳೇ."

"ಹೆಂಗೆ ಕಟ್ಟಿದೆ? ಬೊಗಳು."

"ತಾವು ಹೇಳಿಕೊಟ್ಟ ಹಾಗೇ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ, ಬಟ್ಟೆಗೆ ಸವರಿ ಸುತ್ತಿದೆ. ಇಪ್ಪತ್ತೊಂದನೇ ದಿನ ಬಿಚ್ಚಿದೆ."

"ಹಿಟ್ಟು ಒಣಗಿ ಕಲ್ಲಾಗಿತ್ತೋ, ಇಲ್ಲವೋ?"

"ಈ ಕಡಲಗಾಳಿಗೆ ಇಲ್ಲಿ ಉಪ್ಪೇ ಒಣಗಲ್ಲ, ಗುರುಗಳೇ. ಹಿಟ್ಟು ಎಲ್ಲಿಂದ ಒಣಗಬೇಕು? ಕಟ್ಟಿನೊಳಗೇ ಎಲುಬು ಜಾರಿತು."

"ಗೊತ್ತಿದ್ದೂ ಕಟ್ಟಿದೆಯಾ? ತಲೆಯೊಳಗೇನು ಸಗಣಿ ತುಂಬಿದೆಯಾ?"

ಅಡಿವೆಪ್ಪ ಎಲ್ಲರೆದುರು ಅವನ ಕಪಾಳಕ್ಕೆ ಬಾರಿಸಿದ.

ಸಿರಿಪಾಲ ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ. "ತಲೆ ಇದ್ದವಳು ನಮ್ಮ ಜೊತೆ ಕಲೀತಿದ್ದ ಮೆಣಿಕೆ. ಒಣಗಲ್ಲ ಅಂತ ತಮಗೆ ಆವತ್ತೇ ಹೇಳಿದಳು. ಗುರುವಿಗೆ ಎದುರಾಡ್ತೀಯಾ ಅಂತ ತಾವು ಅವಳ ಗಂಟುಮೂಟೆ ಹೊಳೆಗೆ ಎಸೆದು ಓಡಿಸಿದಿರಿ. ಸಾಲದ್ದಕ್ಕೆ, ದೋಣಿಯವನ ಜೊತೆ ಇದ್ದಾಳೆ ಅಂತ ಊರೆಲ್ಲ ಹಬ್ಬಿಸಿದಿರಿ. ಆಮೇಲೆ ನಮ್ಮಲ್ಲಿ ಯಾರಿಗೆ ಬಾಯಿ ಬರುತ್ತೆ?"

ಅಯ್ಯೋ, ಆ ಸುದ್ದಿ! ಆಶ್ರಮದಲ್ಲಿ ಹುಟ್ಟಿದ್ದು ಹೊಳೆ ದಾಟುವುದರೊಳಗೆ ಕೈಕಾಲು ಬಲಿತು, ಅದಕ್ಕೆ ಎರಡು ಮಕ್ಕಳೂ ಆಗಿದ್ದವು. ಮೆಣಿಕೆಯ ಗಂಡ ಅವಳನ್ನು ಬಿಟ್ಟ. ಆ ದೋಣಿಯವನಾದರೂ ಎಂಥವನು? ಎಪ್ಪತ್ತು ದಾಟಿದ ಮುದುಕ. ಹಲ್ಲಿಲ್ಲ, ಕಣ್ಣೂ ಮಂಜು.

ಅಡಿವೆಪ್ಪನಿಗೆ ಎಲ್ಲ ನೆನಪಿತ್ತು. ಕಿವಿ ಕಾದವು. "ಅಜ್ಜಾ, ಆ ಹೆಂಗಸಿನ ಮಾತು ಈಗ್ಯಾಕೆ..."

ಹುಚ್ಚಜ್ಜನ ಮುಖ ಕೆಂಡವಾಗಿತ್ತು. "ಎಲ್ಲಿದ್ದಾಳೆ ಅವಳು?"

"ಮೀನುಪೇಟೆ ಹಿಂದೆ. ಎಲುಬು ಕೂಡಿಸ್ತಾಳೆ," ಅಂದ ಸಿರಿಪಾಲ. ಆಮೇಲೆ ತಲೆ ತಗ್ಗಿಸಿದ. "ನಮ್ಮ ಮಕ್ಕಳು ಬಿದ್ದರೆ ಕದ್ದುಮುಚ್ಚಿ ನಾವೂ ಅಲ್ಲಿಗೇ ಒಯ್ಯೋದು."

ಮೀನುಗಾರ ಎದೆ ಬಡಿದುಕೊಂಡ. "ಥೂ, ನಿಮ್ಮ! ಅಂಥವಳ ಹತ್ತಿರ ಹೋಗಬಾರದು ಅಂತ ನಾನು ಮಗಳನ್ನ ನಿಮ್ಮ ಹತ್ತಿರ ತಂದೆನಲ್ಲೋ!"

ಅಜ್ಜ ಕೂಸಿನ ಒಳ್ಳೆಯ ಕೈ ಹಿಡಿದು ಹೊರಟೇಬಿಟ್ಟ. ಅಡಿವೆಪ್ಪನೂ ಮೀನುಗಾರನೂ ಹಿಂದೆ ಹಿಂದೆ ಬಂದರು.

ಮೆಣಿಕೆ ಅಂಗಳದಲ್ಲಿ ಕೂತು ಬಿದಿರು ಸೀಳಿ ದಬ್ಬೆ ಮಾಡುತ್ತಿದ್ದಳು. ಅಡಿವೆಪ್ಪನನ್ನು ಕಂಡಳು. ಏಳಲಿಲ್ಲ.

"ಬಂದೆಯಾ? ಈ ಸಲ ಯಾರಿಗೆ ಗಂಟು ಹಾಕ್ತೀಯ ನನ್ನ?"

ಅಡಿವೆಪ್ಪ ಅಜ್ಜನ ಬೆನ್ನ ಹಿಂದೆ ಸರಿದ.

ಅವಳು ಕೂಸಿನ ತೋಳು ಸವರಿದಳು. ಹಲ್ಲು ಕಚ್ಚಿದಳು. "ಎಳೆ ಎಲುಬು. ಈಗಲೇ ಮುರಿದು ಮತ್ತೆ ಕೂಡಿಸಬೇಕು. ತಡವಾದರೆ ಜನ್ಮವಿಡೀ ಹೀಗೇ."

ಅಜ್ಜ ಅಡಿವೆಪ್ಪನ ಕಡೆ ತಿರುಗಿದ. "ಕೂಸಿನ ಹೆಗಲು ಹಿಡಿ."

"ನಾನಾ? ನಾನು ಓಡಿಸಿದವಳ ಕೈಕೆಳಗೆ?"

"ಹಿಡಿಯೋ!"

ಹಿಡಿದ. ಲಟಕ್ ಅಂತು. ಕೂಸು ಚೀರಿದ್ದಕ್ಕೆ ಮೀನುಪೇಟೆಯ ಕಾಗೆಯೆಲ್ಲ ಎದ್ದವು. ಮೆಣಿಕೆ ಕಣ್ಣೊರೆಸಿಕೊಳ್ಳುತ್ತ, ಬೈಯುತ್ತ, ಹಿಟ್ಟು ಮುಟ್ಟದೆ ಬರೀ ದಬ್ಬೆ ಇಟ್ಟು ಬಿಗಿದಳು. ಬೈಗುಳ ಒಂದೂ ಪೋಲಾಗಲಿಲ್ಲ, ಎಲ್ಲ ಅಡಿವೆಪ್ಪನಿಗೇ.

ಕೂಸು ಅತ್ತೂ ಅತ್ತೂ ಅಪ್ಪನ ತೊಡೆ ಮೇಲೆ ನಿದ್ದೆ ಹೋಯಿತು.

ಅಡಿವೆಪ್ಪ ಬೆವರೊರೆಸಿಕೊಂಡು ಅಜ್ಜನ ಹತ್ತಿರ ಸರಿದ. ಇಷ್ಟಾದರೂ ಅವನ ಜೀವ ಪೀಠದ ಮೇಲೆಯೇ.

"ಅಜ್ಜಾ, ಹನ್ನೆರಡು ಮಂದಿ ಕಾಯ್ತಾ ಇದ್ದಾರೆ. ನಾಳೆ ಕಲಿಸಲಿಕ್ಕೆ ನಾನೆಲ್ಲಿ ಕೂರಲಿ?"

ಹುಚ್ಚಜ್ಜ ಅವನ ಮುಖ ನೋಡಲಿಲ್ಲ.

"ಈ ಕೂಸು ಆ ಕೈ ಎತ್ತಿ ನಿನಗೊಂದು ಜಾಗ ತೋರಿಸಲಿ. ಅಲ್ಲಿವರೆಗೆ ನಿಂತಿರು."