ಮೂವತ್ತೊಂದು ಕಾಗದ

ಹೊಳೆದಂಡೆಯ ಮಠದ ಹಿರಿಯ ಗುರುಗಳು ದೊಡ್ಡಜ್ಜಾರು ಲಿಂಗೈಕ್ಯರಾದರು. ಅವರ ಕಾಗದಪತ್ರಗಳನ್ನು ವಿಂಗಡಿಸಿ ಕಟ್ಟಿಡುವ ಕೆಲಸ ಶಿಷ್ಯ ರಾಚಯ್ಯನಿಗೆ ಬಂತು. ಪ್ರವಚನದ ಟಿಪ್ಪಣಿ ಒಂದು ಕಡೆ, ಭಕ್ತರ ಪತ್ರ ಒಂದು ಕಡೆ.

ನಾಲ್ಕನೇ ದಿನ ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂವತ್ತೊಂದು ಇನ್‌ಲ್ಯಾಂಡ್ ಪತ್ರ. ಒಂದನ್ನೂ ಒಡೆದಿರಲಿಲ್ಲ. ಎಲ್ಲವೂ ರಾಚಯ್ಯನ ಹೆಸರಿಗೇ ಬಂದವು.

ದೀಕ್ಷೆಯಾದವನಿಗೆ ಮನೆಯ ಕಾಗದ ಕೊಡಕೂಡದು. ಅದು ಆ ಮಠದ ರಿವಾಜು. ಏನು ರಿವಾಜೋ, ಯಾವ ಪುಣ್ಯಾತ್ಮ ಮಾಡಿದ್ದೋ!

ರಾಚಯ್ಯ ಕಾಗದಗಳನ್ನೆಲ್ಲ ಒಡೆದು ಓದಿ, ತಂದು ಈಗಿನ ಗುರುಗಳಾದ ಮರುಳಯ್ಯನವರ ಮುಂದೆ ಎಸೆದ. ಇಟ್ಟನಲ್ಲ, ಎಸೆದ.

"ನಮ್ಮವ್ವನ ಕಾಗದ! ನಿಮಗ ಗೊತ್ತಿತ್ತೇನ್ರಿ ಅಪ್ಪಾರ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತ್ರಿ!"

"ಕುಂತೆ. ತಪ್ಪಾತು."

"ತಪ್ಪಾತು ಅಂದ್ರ ಮುಗೀತೇನ್ರಿ? ಆಕಿಗೆ ಅಕ್ಷರ ಬರ್ತಿರಲಿಲ್ಲ, ಕಾಗದ ಬರಸ್ಯಾಳಂತ ನಾ ಅಂದ್ಕೊಂಡಿರಲೇ ಇಲ್ಲ. ನೋಡ್ರಿ, ಒಂದೊಂದು ಕಾಗದ ಒಬ್ಬೊಬ್ಬರ ಕೈಬರಹ. ಯಾರ್ಯಾರ ಕೈಕಾಲು ಹಿಡದು ಬರಸ್ಯಾಳೋ! ಕಡೀದರಾಗ ಏನದ ಗೊತ್ತೇನು? 'ಮಗಾ, ಮೈಯಾಗ ಕಸುವಿಲ್ಲ, ಒಮ್ಮೆ ಮಾರಿ ತೋರಿಸಿ ಹೋಗು.'"

ಅವನ ದನಿ ಒಡೆಯಿತು.

"ಆಕಿ ಸತ್ತ ಸುದ್ದಿ ಬಂದಾಗ ನಾ ಅಳಲಿಲ್ಲ. ನನ್ನ ಮರತಾಕಿಗೆ ಯಾಕ ಅಳಬೇಕು ಅಂದಿದ್ದೆ. ಬೆಂಕಿ ಹಚ್ರಿ ನಿಮ್ಮ ರಿವಾಜಿಗೆ!"

ಗುರುಗಳು ಚೆಲ್ಲಿದ ಕಾಗದಗಳನ್ನು ಒಂದೊಂದಾಗಿ ಆರಿಸಿ ಅವನ ಕೈಗೆ ಕೊಟ್ಟರು.

"ಈಗ ಮಠದ ಟಪಾಲು ಯಾರು ಇಸ್ಕೋತಾರ?"

"ನಾನ."

"ಅಡಿಗಿಮನಿ ಶಿವಲಿಂಗಯ್ಯ ದೀಕ್ಷಾ ತಗೊಂಡು ಎರಡು ವರ್ಷಾತು. ಅವಗೇನೂ ಕಾಗದ ಬಂದಿಲ್ಲೇನು?"

ರಾಚಯ್ಯ ಕೈಯಲ್ಲಿದ್ದ ಕಾಗದಗಳನ್ನು ನೋಡಿದ. "ಬಂದಾವ" ಎಂದ.

"ಎಲ್ಲಿ ಅದಾವ?"

"ನನ್ನ ಖೋಲಿಯಾಗ, ಗೂಡಿನಾಗ. ರಿವಾಜು ಅಂತ..."

ಸಿಟ್ಟು ಇಳಿದಿರಲಿಲ್ಲ, ಆದರೆ ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

"ಕಡೀದು ಯಾವಾಗ ಬಂತು?"

"ಮೊನ್ನೆ ಸೋಮವಾರ."

"ಯಾರು ಹಾಕಿದ್ದು?"

"ಹಿಂದ ಅವರವ್ವನ ಹೆಸರದ ರೀ."

ಗುರುಗಳು ಎದ್ದು ಬಾಗಿಲು ತೆರೆದು ಪಕ್ಕಕ್ಕೆ ಸರಿದರು.

"ಹಂಗಾರ ಆಕಿ ಇನ್ನೂ ಅದಾಳ. ಅವನ ಕಾಗದ ತಗೊಂಡು ಅಡಿಗಿಮನಿಗೆ ಓಡು."