ಒಂದೇ ಟವೆಲು

ಗುಂಪಿನಲ್ಲಿ ಮೇಲು-ಕೀಳು ಹೇಗೆ ಹುಟ್ಟುತ್ತದೆ ಎಂದು ಸಂಶೋಧನೆ ಮಾಡಿದ ಮನಶ್ಶಾಸ್ತ್ರದ ಪ್ರೊಫೆಸರೊಬ್ಬರು ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದರು. ಬಂದವರೇ ಅಟೆಂಡರ್ ಹೊನ್ನೂರಪ್ಪನನ್ನು ಪಕ್ಕಕ್ಕೆ ಕರೆದರು.

"ನನ್ನ ಕುರ್ಚಿಯ ಬೆನ್ನಿಗೆ ಬಿಳಿ ಟವೆಲು ಇರಬೇಕು. ಪ್ರಿನ್ಸಿಪಾಲರ ಕುರ್ಚಿಗೆ ಬೇಡ."

ಅವರು ಅತ್ತ ಹೋಗುತ್ತಲೇ ಪ್ರಿನ್ಸಿಪಾಲರು ಬಂದರು.

"ಟವೆಲು ನನ್ನ ಕುರ್ಚಿಗೆ ಮಾತ್ರ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಕಾಲೇಜಿನಲ್ಲಿದ್ದದ್ದು ಒಂದೇ ಟವೆಲು. ಹೊನ್ನೂರಪ್ಪನ ಕೆಲಸವೂ ಕಾಯಂ ಅಲ್ಲ.

ಸಭೆ ತುಂಬಿತು. ಇಬ್ಬರೂ ವೇದಿಕೆಯ ಮೇಲೆ ಕೂತರು. ಹೊನ್ನೂರಪ್ಪ ಟವೆಲು ಹಿಡಿದು ಅವರ ನಡುವೆ ನಿಂತ. ಮುಂದೆ ಮೈಕಿತ್ತು.

"ಸಾರ್, ನಿಮ್ಮಿಬ್ಬರಲ್ಲಿ ಟವೆಲು ಯಾರಿಗೆ ಹಾಕಲಿ?"

ಹಿಂದಿನ ಬ್ಯಾನರಿನಲ್ಲಿ 'ಸಮಾನತೆ' ಎಂದು ದಪ್ಪಕ್ಕೆ ಬರೆದಿತ್ತು.

"ಛೆ ಛೆ, ನನಗ್ಯಾಕೆ? ಅವರಿಗೆ ಹಾಕು," ಎಂದರು ಪ್ರೊಫೆಸರು.

"ನನಗಂತೂ ಬೇಡವೇ ಬೇಡ," ಎಂದರು ಪ್ರಿನ್ಸಿಪಾಲರು.

"ಸರಿ ಸಾರ್," ಎಂದ ಹೊನ್ನೂರಪ್ಪ. ಬಾಗಿಲ ಬಳಿಯ ತನ್ನ ಪ್ಲಾಸ್ಟಿಕ್ ಕುರ್ಚಿಗೆ ಟವೆಲು ಹೊದಿಸಿ ಕೂತ.

ಭಾಷಣ ಶುರುವಾಯಿತು. ಅಷ್ಟರಲ್ಲಿ ಪುರಸಭೆಯ ಸದಸ್ಯರೊಬ್ಬರು ಹಾರ ಹಿಡಿದು ತಡವಾಗಿ ಓಡಿ ಬಂದರು. ಸುತ್ತ ನೋಡಿದರು. ಟವೆಲು ಕಂಡಿತು.

ಹಾರವನ್ನು ಹೊನ್ನೂರಪ್ಪನಿಗೆ ಹಾಕಿ ಕೈಮುಗಿದರು.